ಕಡ್ಡಿಯ ಮೇಲಿನ ಹೆಸರು

ಆ ಬೆಳಿಗ್ಗೆ ದಾಕ್ಷಾಯಣಿ ಪಾತ್ರೆ ತೊಳೆಯುತ್ತಿದ್ದಳು. ಸಾರಿನ ಬೋಗುಣಿ, ರೊಟ್ಟಿಯ ಹಂಚು, ಹಾಲಿನ ಪಾತ್ರೆ ಎಲ್ಲ ಮುಗಿದು ಕೊನೆಗೆ ನನ್ನ ಸರದಿ ಬಂದಿತ್ತು. ನಾರಿನಿಂದ ಒಳಗೆಲ್ಲ ಉಜ್ಜಿ, ನನ್ನ ಮೂಲೆಗೆ ಬೆರಳು ಹಾಕಿದಳು. ಅಲ್ಲಿ ಏನೋ ಗಟ್ಟಿಯಾದದ್ದು ಸಿಕ್ಕಿತು. ಉಗುರಿನಿಂದ ಕೆರೆದು ತೆಗೆದು ಬೆಳಕಿಗೆ ಹಿಡಿದಳು. ತುಪ್ಪದಲ್ಲಿ ಕರಿದ ತಿನ್ನುವ ಅಂಟಿನ ಒಂದು ಚೂರು, ಗೋಧಿ ಕಾಳಿಗಿಂತ ಸಣ್ಣದು.

ಅವಳ ಕೈ ನಿಂತುಬಿಟ್ಟಿತು. ನಲ್ಲಿಯ ನೀರು ನನ್ನೊಳಗೆ ತುಂಬಿ, ಅಂಚು ಮೀರಿ, ಅವಳ ಸೀರೆಯ ನಿರಿಗೆಯ ಮೇಲೆ ಹರಿಯತೊಡಗಿತು. ಆದರೂ ಅವಳು ನಲ್ಲಿ ನಿಲ್ಲಿಸಲಿಲ್ಲ. ಬಾಗಿಲಲ್ಲಿ ಶಾಲೆಯ ಚೀಲ ಏರಿಸಿಕೊಂಡು ನಿಂತಿದ್ದ ಮಗಳು ಶ್ರಾವಣಿ ಅದನ್ನೆಲ್ಲ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

ಆ ಮಗು ಹಾಗೆ ಬಾಯಿ ತೆರೆದು ಮುಚ್ಚುವುದನ್ನು ನಾನು ಆಮೇಲೆ ಎಷ್ಟೋ ಸಲ ನೋಡಿದೆ. ಅವಳ ಬಾಯಲ್ಲಿ ನಿಂತಿದ್ದ ಮಾತು ಯಾವುದೆಂದು ಆ ಮನೆಯಲ್ಲಿ ಬಹುಶಃ ನನಗೊಬ್ಬನಿಗೇ ಗೊತ್ತಿತ್ತು. ಅದು ಹೇಗೆಂದು ಹೇಳಬೇಕಾದರೆ ನಾನು ಹುಟ್ಟಿದಲ್ಲಿಂದ ಹೇಳಬೇಕು.

ನಾನು ಒಂದು ಪ್ಲಾಸ್ಟಿಕ್ ಡಬ್ಬಿ. ಪಾರದರ್ಶಕ ಮೈ, ಒತ್ತಿ ಮುಚ್ಚುವ ಮುಚ್ಚಳ, ಅರ್ಧ ಕಿಲೋ ಸಿಹಿ ಹಿಡಿಯುವ ಹೊಟ್ಟೆ. ಹುಬ್ಬಳ್ಳಿಯ ಆಚೆಯ ಒಂದು ಕಾರ್ಖಾನೆಯಲ್ಲಿ ಮೆತ್ತಗೆ ಕಾದ ಹಾಳೆಯೊಂದನ್ನು ಅಚ್ಚಿನ ಮೇಲೆ ಎಳೆದರು. ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ಡಬ್ಬಿಯಾಗಿದ್ದೆ. ನನ್ನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ನಮ್ಮಲ್ಲಿ ಯಾರಿಗೂ ಹೆಸರಿರಲಿಲ್ಲ. ಒಬ್ಬರ ಮಡಿಲಲ್ಲಿ ಒಬ್ಬರು ಕುಳಿತು, ದಾರದಿಂದ ಕಟ್ಟಿಸಿಕೊಂಡು ಗದಗಿನ ಒಂದು ಮಿಠಾಯಿ ಅಂಗಡಿಗೆ ಬಂದೆವು. ಹೆಸರಿಲ್ಲದಿರುವುದು ಒಂದು ಕೊರತೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಒಂದು ಸಂಜೆ ಬಸ್ ಡಿಪೋದ ಎಣ್ಣೆ ಕಲೆಯ ಅಂಗಿ ತೊಟ್ಟವನೊಬ್ಬ ಬಂದು ಕರದಂಟು ಕೇಳಿದ. ಅವನು ಮಹಾಂತೇಶ, ಡಿಪೋದಲ್ಲಿ ಮೆಕ್ಯಾನಿಕ್. ಅಂಗಡಿಯವನು ಮನೆಯಲ್ಲಿ ಏನು ವಿಶೇಷ ಎಂದು ಕೇಳಿದ್ದಕ್ಕೆ, ಹೆಂಡತಿಗೆ ಬಯಕೆ ಎಂದಷ್ಟೇ ಹೇಳಿ ನಾಚಿಕೊಂಡ. ಎಂಟು ವರ್ಷದ ಮಗಳ ನಂತರ ಮನೆಗೆ ಮತ್ತೊಂದು ಕೂಸು ಬರುವುದಿತ್ತು. ನಾನು ಬೆಚ್ಚಗಿನ ಕರದಂಟು ತುಂಬಿಕೊಂಡು, ಅವನ ಸೈಕಲ್ಲಿನ ಹ್ಯಾಂಡಲಿಗೆ ತೂಗಿಕೊಂಡು, ಡಿಪೋದ ಹಿಂದಿನ ವಸತಿಗೃಹಕ್ಕೆ ಹೋದೆ.

ಕರದಂಟು ಬೇಗನೆ ಮುಗಿಯಿತು. ಅದರಲ್ಲಿ ಬಯಕೆ ಇದ್ದವಳು ತಿಂದದ್ದು ಕಡಿಮೆ, ಶ್ರಾವಣಿ ತಿಂದದ್ದೇ ಹೆಚ್ಚು. ಆದರೆ ಮಧ್ಯಮ ವರ್ಗದ ಮನೆಯಲ್ಲಿ ಖಾಲಿ ಡಬ್ಬಿಯನ್ನು ಯಾರೂ ಒಗೆಯುವುದಿಲ್ಲ. ದಾಕ್ಷಾಯಣಿ ನನ್ನನ್ನು ತೊಳೆದು, ಒರೆಸಿ, ಅಡುಗೆಮನೆಯ ಕೆಳಗಿನ ಹಲಗೆಯಲ್ಲಿಟ್ಟಳು. ಅಲ್ಲಿಂದ ನಾನು ಆ ಮನೆಯವರನ್ನು ಕೆಳಗಿನಿಂದ ನೋಡುತ್ತ ಬಂದೆ. ಅವರ ಪಾದ, ಸೀರೆಯ ಅಂಚು, ಗದ್ದ. ಮುಖ ಕಾಣಬೇಕಾದರೆ ಅವರೇ ಬಗ್ಗಬೇಕಿತ್ತು. ಹೆಚ್ಚು ಬಗ್ಗುತ್ತಿದ್ದವಳು ಶ್ರಾವಣಿ.

ಅವಳಿಗೆ ನನ್ನಿಂದ ಒಂದು ಕೆಲಸವಾಗಬೇಕಿತ್ತು. ಈ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ 'ಕುರ್ರ್' ಎಂದು ಕೂಗಿ ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ದಿನ ಅತ್ತೆಯ ಜೊತೆ ತಾನೂ ಬಗ್ಗಿ ಹೆಸರು ಹೇಳುತ್ತೇನೆಂದು ಶ್ರಾವಣಿ ಹಟ ಹಿಡಿದಿದ್ದಳು. ಎಲ್ಲರೂ ಒಪ್ಪಿದ್ದರು. ಹಾಗಾಗಿ ಅಭ್ಯಾಸ ನಡೆಯುತ್ತಿತ್ತು. ನನ್ನ ಮುಚ್ಚಳ ತೆಗೆದು, ನನ್ನನ್ನೇ ಕೂಸಿನ ಕಿವಿ ಮಾಡಿಕೊಂಡು, ಬಾಯಿ ಹತ್ತಿರ ತಂದು 'ಕುರ್ರ್' ಎನ್ನುತ್ತಿದ್ದಳು. ನನ್ನ ತೆಳ್ಳನೆಯ ಮೈ ಝುಂ ಎಂದು ನಡುಗುತ್ತಿತ್ತು. ಆಮೇಲೆ ಹೆಸರು ಬರಬೇಕಾದ ಜಾಗದಲ್ಲಿ ಸುಮ್ಮನಾಗುತ್ತಿದ್ದಳು. ಹೆಸರು ಅವಳಿಗೆ ಗೊತ್ತಿರಲಿಲ್ಲ.

ಅದು ದಾಕ್ಷಾಯಣಿಯ ಮನಸ್ಸಿನಲ್ಲಿ ಇತ್ತು. ಗಂಡನಿಗೂ ಹೇಳಿರಲಿಲ್ಲ. ತೊಟ್ಟಿಲಿಗೆ ಹಾಕುವ ಮುಂಚೆ ಹೆಸರು ಬಾಯಲ್ಲಿ ಬರಬಾರದು ಎಂಬುದು ಅವಳ ತಾಯಿ ಗಿರಿಜವ್ವ ಹೇಳಿಕೊಟ್ಟ ರೀತಿ. ಮಗಳು ಎಷ್ಟು ಕಾಡಿದರೂ ದಾಕ್ಷಾಯಣಿ ನಗುತ್ತಿದ್ದಳು.

"ತೊಟ್ಟಲದ ದಿನ ಎಲ್ಲಾರಕಿಂತ ಮೊದಲ ನಿನ್ನ ಕಿವ್ಯಾಗ ಹೇಳ್ತೀನಿ. ಆಮ್ಯಾಲ ನೀ ಪಾಪುನ ಕಿವ್ಯಾಗ ಹೇಳೀಯಂತ."

ದಿನ ತುಂಬಿ ಬಂದಾಗ ರೋಣದಿಂದ ಗಿರಿಜವ್ವ ಬಂದಳು. ಬಂದವಳೇ ಬಾಣಂತಿಗೆಂದು ಅಂಟಿನುಂಡೆ ಕಟ್ಟಿದಳು. ತುಪ್ಪದಲ್ಲಿ ಅಂಟು ಅರಳುವ ಸದ್ದು, ಒಣಕೊಬ್ಬರಿ ಹುರಿಯುವ ವಾಸನೆ, ಬೆಲ್ಲದ ಪಾಕ. ಕೈಗೆ ತುಪ್ಪ ಸವರಿಕೊಂಡು ಒಂದೊಂದೇ ಉಂಡೆ ಕಟ್ಟಿ ನನ್ನೊಳಗೆ ಜೋಡಿಸಿದಳು. ಆಸ್ಪತ್ರೆಯ ಚೀಲದಲ್ಲಿ ಬಿಳಿಯ ಹಳೆ ಸೀರೆಯ ತುಂಡುಗಳ ಮೇಲೆ ನನ್ನನ್ನಿಟ್ಟರು. ಶ್ರಾವಣಿಯನ್ನು ಮೇಲಿನ ಮನೆಯ ನಜೀಮಾಳ ಹತ್ತಿರ ಬಿಟ್ಟು ಎಲ್ಲರೂ ಹೊರಟೆವು.

ಹೊಟ್ಟೆಯೊಳಗೇ ಕೂಸಿನ ಎದೆಬಡಿತ ನಿಂತಿತ್ತು. ಯಾರದೂ ತಪ್ಪಿರಲಿಲ್ಲ, ಡಾಕ್ಟರು ಹಾಗೆಯೇ ಹೇಳಿದರು, ಎರಡು ಸಲ ಹೇಳಿದರು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲಿದ್ದೆ. ಮಹಾಂತೇಶ ಬಿಳಿಯ ಸೀರೆಯ ತುಂಡೊಂದನ್ನು ಚೀಲದಿಂದ ತೆಗೆದುಕೊಂಡು ಹೊರಗೆ ಹೋದ. ಮರಳಿ ಬಂದಾಗ ಅವನ ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿತ್ತು. ಅದನ್ನು ಹೊರಗೆ ಝಾಡಿಸಿ ಬರಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ.

ಹೋದಾಗ ಎಷ್ಟು ತುಂಬಿದ್ದೆನೋ ಅಷ್ಟೇ ತುಂಬಿಕೊಂಡು ನಾನು ಮನೆಗೆ ಬಂದೆ. ದಾಕ್ಷಾಯಣಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಗಿರಿಜವ್ವ ದಿನಾ ಬೆಳಿಗ್ಗೆ ನನ್ನ ಮುಚ್ಚಳ ತೆಗೆದು ಒಂದು ಉಂಡೆ ಎತ್ತಿ ಮಗಳ ಮುಂದೆ ಹಿಡಿಯುತ್ತಿದ್ದಳು.

"ತಿನ್ನವಾ. ಕೂಸು ಹೋತಂತ ಹಡದ ಮೈ ಬಿಡಾಕ ಬರಂಗಿಲ್ಲ. ನಡಾ ಗಟ್ಟಿ ಆಗಬೇಕು."

ದಾಕ್ಷಾಯಣಿ ತಿಂದಳು. ಅಳುತ್ತ ತಿನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಗಾರೆ ಕೆಲಸದವರು ಇಟ್ಟಿಗೆ ಜೋಡಿಸುವ ಹಾಗೆ ಒಂದೊಂದೇ ತುತ್ತು ಒಳಗಿಟ್ಟಳು. ಮೈಗೆ ಮಾತ್ರ ಸುದ್ದಿ ತಿಳಿದಿರಲಿಲ್ಲ. ಹಾಲು ಬಂದೇ ಬಂತು. ಕುಪ್ಪಸ ತೊಯ್ಯುತ್ತಿತ್ತು. ಗಿರಿಜವ್ವ ಮಲ್ಲಿಗೆ ಹೂ ತಂದು ಎದೆಗೆ ಕಟ್ಟಿ ಹಾಲು ಬತ್ತಿಸಿದಳು. ಬಾಗಿಲ ಪರದೆಯ ಸಂದಿಯಿಂದ ಶ್ರಾವಣಿ ಆ ಹೂವನ್ನೂ ಆ ಒದ್ದೆಯನ್ನೂ ನೋಡುತ್ತಿದ್ದಳು.

ಅವಳಿಗೆ ಹೇಳಿದ್ದು ಇಷ್ಟೇ: ಪಾಪುವನ್ನು ದೇವರು ಇಟ್ಟುಕೊಂಡ. ಎರವಲು ತಂದಿದ್ದ ತೊಟ್ಟಿಲು ಹಿಂದಕ್ಕೆ ಹೋಯಿತು. ಕುಲಾವಿಗಳು ಗಂಟು ಕಟ್ಟಿಸಿಕೊಂಡು ಅಟ್ಟ ಸೇರಿದವು. ಒಂದು ದಿನ ಶ್ರಾವಣಿ ಅಜ್ಜಿಯ ಹತ್ತಿರ ಪಾಪುವಿನ ಮಾತು ಎತ್ತಿದಳು. ಗಿರಿಜವ್ವ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ ಮೆಲ್ಲಗೆ ಹೇಳಿದಳು.

"ಹೆಸರಿಡಲಾರದ ಕೂಸಿನ ಮಾತು ಮನ್ಯಾಗ ತಗೀಬಾರದು. ನಿಮ್ಮವ್ವಗ ಎದಿ ಒಡೀತೈತಿ. ಕೇಳಬ್ಯಾಡ, ಆತಾ?"

ಗಿರಿಜವ್ವ ಕೆಟ್ಟವಳಲ್ಲ. ಅವಳಿಗೆ ಗೊತ್ತಿದ್ದ ಔಷಧಿ ಅದು. ಹಾಲಿಗೆ ಮಲ್ಲಿಗೆ ಕಟ್ಟಿದ ಹಾಗೆ, ಮಾತಿಗೂ ಒಂದು ಕಟ್ಟು ಕಟ್ಟಿದಳು. ಶ್ರಾವಣಿ ತಲೆಯಾಡಿಸಿದಳು. ಆ ರಾತ್ರಿಯಿಂದ ಯಾರೂ ನನ್ನೊಳಗೆ 'ಕುರ್ರ್' ಎನ್ನಲಿಲ್ಲ. ಶ್ರಾವಣಿಯ ಕಿವಿಗೆ ಬರಬೇಕಿದ್ದ ಹೆಸರು ಬರಲಿಲ್ಲ, ಕೇಳುವ ಹಾಗೂ ಇರಲಿಲ್ಲ. ತಾಯಿಗೆ ಹೆಸರು ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಾದು ಓಡಾಡುತ್ತಿದ್ದರು. ಒಬ್ಬಳು ಲೋಟ ಕೊಡುತ್ತಿದ್ದಳು, ಇನ್ನೊಬ್ಬಳು ತೆಗೆದುಕೊಳ್ಳುತ್ತಿದ್ದಳು.

ಈಗ ಮತ್ತೆ ಆ ಬೆಳಗಿಗೆ ಬರುತ್ತೇನೆ. ಅಂಟಿನ ಚೂರು ಹಿಡಿದು ದಾಕ್ಷಾಯಣಿ ನಿಂತಿದ್ದಳು. ನೀರು ಹರಿಯುತ್ತಿತ್ತು. ಹೊರಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಅವಳು ತಟ್ಟನೆ ನನ್ನನ್ನೂ ಮುಚ್ಚಳವನ್ನೂ ಕಸದ ಬುಟ್ಟಿಗೆ ಹಾಕಿ, ಬುಟ್ಟಿ ಎತ್ತಿಕೊಂಡು ಹೊರಗೆ ನಡೆದಳು. ಮೆಟ್ಟಿಲಲ್ಲಿ ನಜೀಮಾ ಎದುರಾದಳು. ಅವಳ ಗಂಡ ಅದೇ ಡಿಪೋದಲ್ಲಿ ಕಂಡಕ್ಟರ್. ಅವರ ಮಾಳಿಗೆಯ ತುಂಬ ಸಕ್ಯುಲೆಂಟ್ ಗಿಡಗಳು. ಎಲೆಯಲ್ಲೇ ನೀರು ಕೂಡಿಟ್ಟುಕೊಂಡು ಬದುಕುವ, ದಪ್ಪ ಎಲೆಯ ಪುಟ್ಟ ಪುಟ್ಟ ಗಿಡಗಳು.

ನಜೀಮಾ ಬುಟ್ಟಿಯನ್ನು ನೋಡಿದಳು, ದಾಕ್ಷಾಯಣಿಯ ಒದ್ದೆ ಸೀರೆಯನ್ನು ನೋಡಿದಳು. ಕೈ ಹಾಕಿ ನನ್ನನ್ನೂ ಮುಚ್ಚಳವನ್ನೂ ಎತ್ತಿಕೊಂಡಳು.

"ಇಂಥಾ ಡಬ್ಬಿನ ಹುಡುಕಾಕತ್ತಿದ್ದೆ ನಾ. ಬೀಜ ಹಾಕಾಕ ಇದಕಿಂತ ಛಲೋ ಯಾವುದು ಸಿಗಂಗಿಲ್ಲ. ಒಗಿಯೂದಾದ್ರ ನಂಗ ಕೊಡು. ಇಲ್ಲಂದ್ರ ನೀನ ಹಾಕು, ಬೀಜ ನಾ ಕೊಡ್ತೀನಿ."

ದಾಕ್ಷಾಯಣಿ ತನಗೆ ಕೈಯಾಡುವುದಿಲ್ಲ ಎಂದಳು. ನಜೀಮಾ ಅದನ್ನು ಒಪ್ಪಿಕೊಂಡಳು. ಈ ಬೀಜಗಳಿಗೂ ಹೆಚ್ಚು ಕೈ ಆಡಿಸುವುದು ಬೇಕಿಲ್ಲ, ಹಾಕಿದ ಮೇಲೆ ಸುಮ್ಮನೆ ನೋಡುತ್ತ ಕೂರುವುದೇ ಕೆಲಸ ಎಂದಳು. ಕಸದ ಗಾಡಿ ಹೊರಟುಹೋಯಿತು. ಹೀಗೆ ನಾನು ಉಳಿದೆ.

ಬಿತ್ತನೆಗೆ ಮುಂಚೆ ನನಗೆ ನೋವಾಯಿತು. ದಬ್ಬಣ ಕಾಯಿಸಿ ನನ್ನ ತಳಕ್ಕೆ ತೂತು ಹಾಕಿದರು. ಪ್ಲಾಸ್ಟಿಕ್ಕು ಸುಟ್ಟ ವಾಸನೆಗೆ ಶ್ರಾವಣಿ ಮೂಗು ಮುಚ್ಚಿಕೊಂಡಳು. ಇನ್ನು ನಾನು ಎಂದಿಗೂ ಸಿಹಿಯನ್ನಾಗಲಿ ಉಪ್ಪಿನಕಾಯಿಯನ್ನಾಗಲಿ ಹಿಡಿಯಲಾರೆ ಎಂದು ತಿಳಿಯಿತು. ಆದರೆ ತೂತಿಲ್ಲದ ಪಾತ್ರೆಯಲ್ಲಿ ಬೇರು ಕೊಳೆಯುತ್ತದೆ. ಒಳಗೆ ಬಂದ ನೀರಿಗೆ ಹೊರಗೆ ಹೋಗುವ ದಾರಿ ಬೇಕು.

ಮರಳನ್ನು ಜರಡಿ ಹಿಡಿದರು. ಇಟ್ಟಿಗೆ ಪುಡಿ ಮಾಡಿ ಬೆರೆಸಿದರು, ಒಂದು ಮುಷ್ಟಿ ತೆಂಗಿನ ನಾರಿನ ಪುಡಿ ಸೇರಿಸಿದರು. ಮಣ್ಣಿನಲ್ಲಿ ಬೂಷ್ಟಿನ ಬೀಜವಿರುತ್ತದೆ, ಅದನ್ನು ಬಿಸಿಯಿಂದ ಕೊಲ್ಲಬೇಕು ಎಂದು ನಜೀಮಾ ಹೇಳಿದ್ದರಿಂದ ದಾಕ್ಷಾಯಣಿ ಅದನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ, ಹಳೆಯ ಇಡ್ಲಿ ಪಾತ್ರೆಯಲ್ಲಿಟ್ಟು ಆವಿ ಹಾಯಿಸಿದಳು. ಊಟಕ್ಕೆ ಬಂದ ಮಹಾಂತೇಶ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದ.

"ಇಡ್ಲಿ ಆತು. ಚಟ್ನಿಗೆ ಸಿಮೆಂಟ್ ತರಲೇನು?"

ಶ್ರಾವಣಿ ನಕ್ಕಳು. ದಾಕ್ಷಾಯಣಿಯ ಗದ್ದವೂ ಸ್ವಲ್ಪ ಅಲುಗಿದ್ದನ್ನು ನಾನು ಕೆಳಗಿನಿಂದ ನೋಡಿದೆ.

ಬೀಜಗಳು ಕಾಗದದ ಪೊಟ್ಟಣದಲ್ಲಿ ಬಂದಿದ್ದವು. ಅವು ಬೀಜವೆಂದರೆ ನಂಬುವುದು ಕಷ್ಟ. ನಶ್ಯದ ಪುಡಿಯ ಹಾಗಿದ್ದವು. ಉಸಿರು ಬಿಟ್ಟರೆ ಹಾರುತ್ತಿದ್ದವು. ತಾಯಿ ಮಗಳು ಬಟ್ಟೆಯಿಂದ ಮೂಗು ಮುಚ್ಚಿಕೊಂಡು, ಒಣಮರಳಿನಲ್ಲಿ ಬೀಜ ಬೆರೆಸಿ, ನನ್ನೊಳಗಿನ ಒದ್ದೆ ಮರಳಿನ ಮೇಲೆ ಉದುರಿಸಿದರು. ಮೇಲೆ ಮಣ್ಣು ಮುಚ್ಚಲಿಲ್ಲ. ಇವಕ್ಕೆ ಬೆಳಕು ಬೇಕು, ಹೂಳಬಾರದು ಎಂದು ನಜೀಮಾ ಹೇಳಿದಾಗ ದಾಕ್ಷಾಯಣಿ ಅವಳ ಮುಖವನ್ನೊಮ್ಮೆ ನೋಡಿದಳು.

ಮೂರು ಸಾಲು, ಮೂರು ಬಗೆ. ನಜೀಮಾ ಐಸ್‌ಕ್ರೀಮಿನ ಮೂರು ಕಡ್ಡಿಗಳನ್ನು ಶ್ರಾವಣಿಗೆ ಕೊಟ್ಟು ಹೆಸರು ಬರೆಯಲು ಹೇಳಿದಳು. ಗಿಡಗಳ ನಿಜವಾದ ಹೆಸರುಗಳು ಬಾಯಲ್ಲಿ ಹೊರಳುವಂಥವಲ್ಲ. ಶ್ರಾವಣಿ ತನ್ನವೇ ಹೆಸರು ಇಟ್ಟಳು. ಗುಲಾಬಿ ಹೂವಿನಂತೆ ಎಲೆ ಸುತ್ತುವುದಕ್ಕೆ ಗುಲಾಬಿ. ಮುಳ್ಳಿನಂಥ ಎಲೆಯದಕ್ಕೆ ಮುಳ್ಳಪ್ಪ. ಎರಡು ಉರುಟು ಕಲ್ಲು ಅಂಟಿಸಿಟ್ಟಂತೆ ಬೆಳೆಯುವುದಕ್ಕೆ ಕಲ್ಲವ್ವ.

ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಗಿರಿಜವ್ವನಿಗೆ ಸಮಾಧಾನವಾಗಲಿಲ್ಲ. ಹುಟ್ಟುವ ಮೊದಲೇ ಹೆಸರೇನು ಎಂದು ಗೊಣಗಿದಳು. ನಜೀಮಾ ಕಡ್ಡಿ ಚುಚ್ಚುತ್ತಲೇ ಉತ್ತರ ಕೊಟ್ಟಳು.

"ಇವಕ್ಕ ಹಂಗರೀ ಅಮ್ಮಾ. ಹೆಸರು ಮೊದಲ, ಮೊಳಕಿ ಆಮ್ಯಾಲ. ಹೆಸರು ಬರೀಲಿಲ್ಲ ಅಂದ್ರ, ಬರಲಾರದ್ದು ಯಾವುದಂತ ಗೊತ್ತ ಆಗಂಗಿಲ್ಲ."

ಶ್ರಾವಣಿ ಮೂರನೆಯ ಕಡ್ಡಿಯ ಮೇಲೆ ಪೆನ್ಸಿಲಿನಿಂದ ಬರೆದದ್ದನ್ನು ಮತ್ತೊಮ್ಮೆ ಒತ್ತಿ ಬರೆದಳು.

ನನ್ನನ್ನು ನೀರಿನ ತಟ್ಟೆಯಲ್ಲಿಟ್ಟರು. ತೂತುಗಳಿಂದ ನೀರು ಮೇಲಕ್ಕೇರಿತು. ಮುಚ್ಚಳ ಮುಚ್ಚಿ ಬಿಸಿಲು ನೇರ ಬೀಳದ ಕಿಟಕಿಯಲ್ಲಿಟ್ಟರು. ನನ್ನ ಒಳಗೆ ಆವಿ ಕಟ್ಟಿ ಹನಿ ಇಳಿಯತೊಡಗಿತು. ಬೆಳಿಗ್ಗೆ ರೊಟ್ಟಿ ತಟ್ಟುವ ನಡುವೆ, ಸಂಜೆ ಸೊಪ್ಪು ತೊಳೆಯುವ ನಡುವೆ ದಾಕ್ಷಾಯಣಿ ಬಂದು ನನ್ನ ಮೇಲೆ ಬಗ್ಗುತ್ತಿದ್ದಳು. ಕೈ ಒರೆಸಿಕೊಂಡು ಬಗ್ಗುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಈಗ ನನಗೆ ಅವಳ ಮುಖ ಪೂರ್ತಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ನನ್ನ ಮುಚ್ಚಳವನ್ನು ಸ್ವಲ್ಪ ಸರಿಸಿ, ಬಾಯಿಯನ್ನು ಬಹಳ ಹತ್ತಿರ ತಂದಳು, ಮಗಳು ತರುತ್ತಿದ್ದ ಹಾಗೆಯೇ. ಅವಳ ತುಟಿ ಅಲುಗಿತು. ಬೆಚ್ಚಗಿನ ಉಸಿರು ನನ್ನ ಅಂಚಿಗೆ ತಾಗಿತು. ಹೆಸರು ಈಗ ಬರುತ್ತದೆ, ಇದೋ ಬಂತು ಎಂದುಕೊಂಡೆ. ಡಬ್ಬಿಗೆ ಏನು ಹೇಳಿದರೂ ಹೊರಗೆ ಹೋಗುವುದಿಲ್ಲವಲ್ಲ. ಆದರೆ ಅವಳು ನಿಟ್ಟುಸಿರು ಬಿಟ್ಟು ಮುಚ್ಚಳ ಒತ್ತಿದಳು. ಆ ಹೆಸರು ಕಾದಿಟ್ಟದ್ದು ನನಗಲ್ಲ. ಮಾತು ಕೊಟ್ಟದ್ದು ಬೇರೆಯವರಿಗೆ.

ಮೊದಲು ಎದ್ದವಳು ಗುಲಾಬಿ. ಸಾಸಿವೆಗಿಂತ ಸಣ್ಣ ಹಸಿರು ಚುಕ್ಕಿಗಳು. ಶ್ರಾವಣಿ ಕಂಡು ಕೂಗಲಿಲ್ಲ. ಹೋಗಿ ತಾಯಿಯ ಸೆರಗು ಹಿಡಿದು ಎಳೆದುಕೊಂಡು ಬಂದು ಬೆರಳು ತೋರಿಸಿದಳು. ಹಿಟ್ಟಿನ ಕೈಯಲ್ಲೇ ದಾಕ್ಷಾಯಣಿ ಮಂಡಿಯೂರಿದಳು. ಒಲೆಯ ಮೇಲೆ ರೊಟ್ಟಿ ಸೀದಿತು. ಕೆಲವು ದಿನದ ಮೇಲೆ ಮುಳ್ಳಪ್ಪನೂ ಎದ್ದ, ಉದ್ದನೆಯ ಮೂಗಿನವನು. ಮೂರನೆಯ ಸಾಲು ಮಾತ್ರ ಹಾಗೆಯೇ ಇತ್ತು. ಮರಳು, ಅದರ ತುದಿಯಲ್ಲಿ ಒಂದು ಕಡ್ಡಿ.

ಶ್ರಾವಣಿ ಶಾಲೆಯಿಂದ ಬಂದವಳೇ ಮೊದಲು ಕಲ್ಲವ್ವನ ಸಾಲು ನೋಡುತ್ತಿದ್ದಳು. ಬೀಜ ಹಳೆಯದಿರಬಹುದು, ಒಳಗೆ ಜೀವ ಇರಲಿಕ್ಕಿಲ್ಲ, ಕೆಲವು ಹಾಗೆಯೇ ಎಂದು ನಜೀಮಾ ಹೇಳಿದ್ದಳು. ಮಗು ಒಪ್ಪಲಿಲ್ಲ. ಅವಳ ಮನಸ್ಸಿನಲ್ಲಿ ಬೇರೆ ಲೆಕ್ಕವಿತ್ತು. ಪಾಪು ಬರಲಿಲ್ಲ, ಹಾಲು ಸುಮ್ಮನೆ ಬತ್ತಿತು. ಹಾಲು ಮೊದಲೇ ಸಿಕ್ಕಿದ್ದರೆ? ಹಸಿದವರು ಏಳುವುದು ಹೇಗೆ? ಒಂದು ಸಂಜೆ ತನ್ನ ಲೋಟದ ಹಾಲನ್ನು ಅರ್ಧ ಕುಡಿದು, ಉಳಿದರ್ಧವನ್ನು ಚಮಚದಿಂದ ತೊಟ್ಟು ತೊಟ್ಟಾಗಿ ಕಲ್ಲವ್ವನ ಸಾಲಿಗೆ ಹಾಕಿದಳು. ಪ್ರತಿ ತೊಟ್ಟಿಗೂ ಕಾದು, ಇಂಗಿದ ಮೇಲೆ ಇನ್ನೊಂದು. ಅಷ್ಟು ಪ್ರೀತಿಯಿಂದ ಯಾರೂ ನನ್ನೊಳಗೆ ಏನನ್ನೂ ಹಾಕಿರಲಿಲ್ಲ. ಬೇಡವೆಂದು ಹೇಳಲು ನನಗೆ ಬಾಯಿಲ್ಲ.

ಮುಚ್ಚಿದ ಡಬ್ಬಿ, ಬೆಚ್ಚಗಿನ ಆವಿ, ಹಾಲು. ಹತ್ತಿಯಂಥ ಬಿಳಿ ಬೂಷ್ಟು ಮೂರನೆಯ ಸಾಲಿನಿಂದ ಎದ್ದು ಎರಡನೆಯದರ ಕಡೆ ತೆವಳಿತು. ಮುಳ್ಳಪ್ಪನ ಕೆಲವು ಸಸಿಗಳು ಕುತ್ತಿಗೆಯಲ್ಲಿ ಕಂದಿ ಮಲಗಿದವು. ಬೆಳಿಗ್ಗೆ ಮುಚ್ಚಳ ತೆಗೆದ ದಾಕ್ಷಾಯಣಿಗೆ ಹುಳಿ ವಾಸನೆ ಬಂತು. ಅವಳಿಗೆ ಕೂಡಲೇ ತಿಳಿಯಿತು. ಹಾಲಿನ ವಾಸನೆ ತಾಯಂದಿರಿಗೆ ತಿಳಿಯದೆ ಇರುತ್ತದೆಯೇ?

ಶ್ರಾವಣಿ ಗೋಡೆಗೆ ಒತ್ತಿ ನಿಂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಹೆದರಿಕೆಯಿತ್ತು. ಕೇಳುವ ಮೊದಲೇ ಹೇಳಿದಳು.

"ಅದಕ್ಕ ಹಸಿವಿ ಆಗಿತ್ತೇನೋ ಅಂತ ಹಾಕಿದೆ, ಅವ್ವಾ."

ದಾಕ್ಷಾಯಣಿ ಗದರಿಸಲಿಲ್ಲ. ನನ್ನನ್ನು ಎತ್ತಿ ನೆಲದ ಮೇಲಿಟ್ಟಳು. ಆಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು ಒಂದು ಚಮಚ ಅವಳ ಕೈಗೆ ಕೊಟ್ಟು, ಒಂದನ್ನು ತಾನು ಹಿಡಿದಳು. ಇಬ್ಬರೂ ಸೇರಿ ಮೂರನೆಯ ಸಾಲಿನ ಮರಳನ್ನು ಬೂಷ್ಟಿನೊಂದಿಗೆ ತೆಗೆದರು. ಅದನ್ನು ಕಸಕ್ಕೆ ಹಾಕಲಿಲ್ಲ. ಹಿತ್ತಲಿನ ನುಗ್ಗೆ ಮರದ ಬುಡದಲ್ಲಿ ತಗ್ಗು ತೋಡಿ ಸುರಿದು, ಮೇಲೆ ಮಣ್ಣೆಳೆದರು. ನನ್ನ ಖಾಲಿಯಾದ ಜಾಗಕ್ಕೆ ಹೊಸ ಮರಳು ತುಂಬಿದರು. ಶ್ರಾವಣಿ ಕಡ್ಡಿಯನ್ನು ಮಾತ್ರ ಒರೆಸಿ, ಮತ್ತೆ ಅಲ್ಲಿಯೇ ಚುಚ್ಚಿದಳು. ಏನನ್ನೋ ಕೇಳಲು ಬಾಯಿ ತೆರೆದಳು. ಒಳಗಿನಿಂದ ಅಜ್ಜಿಯ ಬಳೆಯ ಸದ್ದು ಬಂತು. ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ನನ್ನ ಮುಚ್ಚಳವನ್ನು ದಿನವೂ ಸ್ವಲ್ಪ ಸ್ವಲ್ಪ ತೆರೆದಿಟ್ಟರು. ಎಳೆಯ ಸಸಿಗೆ ಹೊರಗಿನ ಗಾಳಿ ಒಮ್ಮೆಲೇ ತಾಗಬಾರದು, ಹಾಗೆಂದು ಎಂದಿಗೂ ತಾಗದೆ ಇರಬಾರದು. ಮೊದಲು ಒಂದು ಸಂದಿ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಒಂದು ದಿನ ಗಾಳಿ ಮುಚ್ಚಳವನ್ನು ಹಾರಿಸಿಕೊಂಡು ಹೋಯಿತು. ಅದನ್ನು ಯಾರೂ ಹುಡುಕಲಿಲ್ಲ.

ಚಳಿ ಬಂದು ಹೋಯಿತು. ಗಿರಿಜವ್ವ ರೋಣಕ್ಕೆ ಹೋಗಿ ಮತ್ತೆ ಬಂದಳು. ಸಸಿಗಳು ಕಡಲೆ ಕಾಳಿನಷ್ಟಾದವು, ಆಮೇಲೆ ಅಂಗಿಯ ಗುಂಡಿಯಷ್ಟಾದವು. ಅವಕ್ಕೆ ಅವಸರವೇ ಇಲ್ಲ. ಗುಲಾಬಿಯ ಎಲೆಗಳು ಒಂದರ ಮೇಲೊಂದು ಸುತ್ತಿಕೊಂಡು ನಿಜವಾಗಿಯೂ ಹೂವಿನಂತಾದವು. ಮಹಾಂತೇಶ ಡಿಪೋದಿಂದ ಎಣ್ಣೆಯ ಹಳೆ ಡಬ್ಬಗಳನ್ನು ತಂದು, ತೊಳೆದು, ಬಣ್ಣ ಹಚ್ಚಿ ಕುಂಡ ಮಾಡಿಕೊಟ್ಟ. ಅವನು ಮಾತಿನಲ್ಲಿ ಹೇಳಲಾರದ್ದನ್ನು ಬಣ್ಣದಲ್ಲಿ ಹಚ್ಚುತ್ತಿದ್ದ. ಒಂದೊಂದೇ ಸಸಿ ಅವುಗಳಿಗೆ ಹೋಯಿತು. ಗುಲಾಬಿಯ ಕಡ್ಡಿ ಗುಲಾಬಿಯ ಕುಂಡಕ್ಕೆ, ಮುಳ್ಳಪ್ಪನ ಕಡ್ಡಿ ಮುಳ್ಳಪ್ಪನ ಕುಂಡಕ್ಕೆ.

ನಾನು ಮುದಿಯಾದೆ. ಕಿಟಕಿಯ ಬೆಳಕು ಕುಡಿದು ಕುಡಿದು ನನ್ನ ಪಾರದರ್ಶಕ ಮೈ ಹಳದಿಯಾಯಿತು. ಒಂದು ಮೂಲೆ ಸೀಳಿತು. ಮುಟ್ಟಿದರೆ ಚೂರಾಗುವಷ್ಟು ಗಡುಸಾದೆ. ನನ್ನಂಥವರು ಮಣ್ಣಾಗುವುದಿಲ್ಲ, ಚೂರಾಗಿ ಎಲ್ಲೋ ಬಿದ್ದಿರುತ್ತೇವೆ. ಅದಕ್ಕೆ ಹೆಮ್ಮೆಪಡುವಂತಿಲ್ಲ. ಕರದಂಟು, ಅಂಟಿನುಂಡೆ, ಮರಳು, ಹಾಕಿದ್ದನ್ನೆಲ್ಲ ಹಿಡಿದುಕೊಂಡೆ. ಎಲ್ಲವೂ ನನ್ನಿಂದ ಹೊರಗೆ ಹೋದವು. ಎಂದೋ ಒಂದು ಸಂಜೆ ಕೂಗಿದ ಆ 'ಕುರ್ರ್' ಮಾತ್ರ ನನ್ನ ಸೀಳಿನಲ್ಲಿ ಇನ್ನೂ ನಡುಗುತ್ತಿದೆ ಎಂದು ನನಗೆ ಅನ್ನಿಸುತ್ತದೆ, ಮುಂದಿನ ಮಾತಿಗೆ ಕಾಯುತ್ತ.

ಇಂದು ಬೆಳಿಗ್ಗೆ ದಾಕ್ಷಾಯಣಿ ಪಾತ್ರೆ ತೊಳೆದು ಮುಗಿಸಿ, ಕಟ್ಟೆಯ ಮೇಲೆ ಹಾಳೆ ಹಾಸಿ, ನನ್ನೊಳಗೆ ಉಳಿದಿದ್ದ ಮರಳನ್ನು ಸುರಿದಳು. ಪಕ್ಕದಲ್ಲಿ ಗಿರಿಜವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ದೂರದಲ್ಲಿ ಕಸದ ಗಾಡಿಯ ಹಾಡು ಕೇಳಿಸುತ್ತಿತ್ತು. ಮರಳಿನೊಂದಿಗೆ ಮೂರನೆಯ ಕಡ್ಡಿಯೂ ಬಿತ್ತು. ನೀರು ಕುಡಿದು ಬುಡ ಕಪ್ಪಾಗಿತ್ತು. ಮೇಲಿನ ಅಕ್ಷರ ಮಾಸಿರಲಿಲ್ಲ. ಎರಡು ಸಲ ಒತ್ತಿ ಬರೆದದ್ದಲ್ಲವೇ? ದಾಕ್ಷಾಯಣಿ ಅದನ್ನೆತ್ತಿ, ಯೋಚಿಸದೆ, ಕಸದ ಬುಟ್ಟಿಯ ಕಡೆ ಕೈ ಚಾಚಿದಳು.

ಶ್ರಾವಣಿ ಆ ಕೈ ಹಿಡಿದುಕೊಂಡಳು.

"ಒಗೀಬ್ಯಾಡ. ಬರಲಿಲ್ಲ ಅಂದ್ರೂ ಅದಕ್ಕ ಹೆಸರೈತಿ."

ದಾಕ್ಷಾಯಣಿಯ ಕೈ ಅಲ್ಲಿಯೇ ನಿಂತಿತು. ಗಿರಿಜವ್ವನ ಬೆರಳುಗಳೂ ಸೊಪ್ಪಿನಲ್ಲಿ ನಿಂತವು. ಅವಳು ತಲೆಯೆತ್ತಿ ಮೊಮ್ಮಗಳನ್ನು ನೋಡಿದಳು. ಸುಮ್ಮನಿರು ಎನ್ನುತ್ತಾಳೆಂದು ನಾನು ಕಾದೆ. ಅವಳ ಬಾಯಿ ತೆರೆಯಿತು. ಈ ಸಲ ಮುಚ್ಚಿಕೊಂಡದ್ದು ಅವಳು. ಸೊಪ್ಪಿನ ಮೊರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಗಳ ಬೆನ್ನಿನ ಮೇಲೆ ಕೈಯಿಟ್ಟಳು. ಗುದ್ದಲಿಲ್ಲ, ಸುಮ್ಮನೆ ಇಟ್ಟಳು.

ಕಸದ ಗಾಡಿ ಬಾಗಿಲಿಗೆ ಬಂತು, ನಿಂತಿತು, ಮುಂದೆ ಹೋಯಿತು. ಯಾರೂ ಏಳಲಿಲ್ಲ.

ಶ್ರಾವಣಿ ತಾಯಿಯ ಕೈಯಿಂದ ಕಡ್ಡಿ ಬಿಡಿಸಿಕೊಂಡು ತನ್ನ ಮುಷ್ಟಿಯಲ್ಲಿ ಹಿಡಿದಳು. ಮಂಡಿಯೂರಿ ಹತ್ತಿರ ಸರಿದಳು. ಎಣ್ಣೆ ಹಚ್ಚಿ ಬಾಚಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಆ ಕಿವಿಯನ್ನು ತಾಯಿಯ ಬಾಯಿಯ ಬಳಿ ತಂದಿಟ್ಟಳು. ಆಮೇಲೆ, ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡದ್ದನ್ನು ಕೇಳಿದಳು.

"ಅವ್ವಾ, ನಮ್ಮ ಪಾಪುಗ ಏನಂತ ಹೆಸರಿಡೂದಿತ್ತು?"